ಎಂಟನೆಯ ಬೋಲ್ಟ್

ತೂತಿನೊಳಗಿಂದ ಕೋಳಿಯೊಂದು ಅರ್ಧ ಕಾಣುತ್ತಿದೆ, ಬಾಲದ ಕಡೆಯ ಅರ್ಧ, ಅದು ಕೆದರುತ್ತ ಮುಂದಕ್ಕೆ ಹೋದರೆ ಬರೀ ನೆಲ, ನೆಲದ ಮೇಲೆ ಬಿಸಿಲಿನ ಒಂದು ಬಿಲ್ಲೆ, ಮತ್ತೆ ಕೋಳಿ — ಕಿರುಬೆರಳು ಹೋಗುವಷ್ಟು ತೂತು, ಸುತ್ತ ತುಕ್ಕಿನ ಉಂಗುರ, ಇದರ ಮುಂದೆ ಅರವತ್ತೇಳು ವರ್ಷದ ಗಂಡಸೊಬ್ಬ ಇಗರ್ಜಿಗೆ ಹಾಕಿಕೊಂಡು ಹೋಗಿದ್ದ ಬಿಳಿ ಅಂಗಿಯನ್ನೂ ಬಿಚ್ಚದೆ ಮೊಣಕಾಲೂರಿ ಒಂದು ಕಣ್ಣು ಮುಚ್ಚಿ ಕೂತಿದ್ದಾನೆಂದರೆ ನೋಡಿದವರು ಪ್ರಾರ್ಥನೆ ಎಂದುಕೊಂಡಾರು, ಇಗರ್ಜಿಯಲ್ಲಿ ಇಷ್ಟು ಹೊತ್ತು ಮೊಣಕಾಲೂರಿದ್ದು ಜಾಕೋಬನಿಗೇ ನೆನಪಿಲ್ಲ. ಏಳು ಬೋಲ್ಟ್, ಎಂಟು ತೂತು. ಎಣಿಸಿ ಆಯಿತು, ಎರಡು ಸಲ, ಮೂರನೆಯ ಸಲ ಎಣಿಸಿದರೆ ಹೆಚ್ಚಾಗುವುದಿಲ್ಲ ಎಂಬುದು ಗೊತ್ತಿದ್ದೂ ಮೂರನೆಯ ಸಲ, ಸ್ಟ್ಯಾಂಡಿಗೆ ನಾಲ್ಕು ಕಬ್ಬಿಣದ ಕಾಲು, ಕಾಲಿಗೆ ಎರಡೆರಡರಂತೆ ಎಂಟು, ಮೂರು ಕಾಲು ಗಟ್ಟಿಯಾಗಿ ಕೂತಿವೆ, ನಾಲ್ಕನೆಯದರ ಮೇಲಿನ ಬೋಲ್ಟ್ ಕೂತಿದೆ, ಕೆಳಗಿನದು ಮಾತ್ರ ಕೋಳಿ ತೋರಿಸುತ್ತಿದೆ. ಆಯ್ತಾ ರೀ? ಅಡುಗೆಮನೆಯ ಕಿಟಕಿಯಿಂದ ಫ್ಲೋರಿನಳ ಗಂಟಲು, ಈ ಮನೆಯಲ್ಲಿ ಪ್ರೀತಿಗೂ ದೇವರಿಗೂ ಕೊಂಕಣಿ, ಕೆಲಸ ಹೇಳುವುದಕ್ಕೆ ಮಾತ್ರ ಕನ್ನಡ, ಮದುವೆಯಾಗಿ ನಲವತ್ತು ವರ್ಷವಾದ ಮೇಲೆ ಕನ್ನಡವೇ ಜಾಸ್ತಿ. ಆಗ್ತಾ ಐತೆ, ಎಂದ. ಮೂವತ್ತು ವರ್ಷ ಪೆನ್ನು ಹಿಡಿದ ಕೈ ಅದು, ಪಾನಾ ಹಿಡಿದ್ರೆ ಆಗ್ತಾನೇ ಇರುತ್ತೆ, ಅದಕ್ಕೇ ಭೂತಯ್ಯನಿಗೆ ಫೋನ್ ಮಾಡಿದೀನಿ, ಹೊರಟನಂತೆ. ಪಾನಾ ಕೈಯಿಂದ ಜಾರಿ ಕಲ್ಲಿನ ಮೇಲೆ ಟಣ್ಣೆಂದಿತು, ಕೋಳಿ ಓಡಿತು, ತೂತಿನಲ್ಲಿ ಈಗ ಬರೀ ಬಿಸಿಲು. ಭೂತಯ್ಯನಿಗೆ ಯಾಕೆ ಹೇಳಿದೆ? ಇನ್ಯಾರಿಗೆ ಹೇಳಲಿ ಮತ್ತೆ, ಈ ಸ್ಟ್ಯಾಂಡಿನ ಜೊತೆ ಸಂಸಾರ ಮಾಡಿದವನು ಅವನೇ ಅಲ್ವಾ, ನೀವಾ? — ಹೌದು, ಅದೇ ತೊಂದರೆ. ಹಳ್ಳ ದಾಟಿ ಏರು ಹತ್ತಿ ಬರಲು ಅವನಿಗೆ ಇಪ್ಪತ್ತು ನಿಮಿಷ, ಮಂಡಿನೋವು ಬಂದ ಮೇಲೆ ಇಪ್ಪತ್ತೈದು, ಬೀಡಿ ಹಚ್ಚಲು ನಿಂತರೆ ಇನ್ನೆರಡು, ದೇವರೇ ಅವನು ಬೀಡಿ ಹಚ್ಚಲಿ.

ಶುರುವಾದದ್ದು ಜೋಯಲನಿಂದ, ಮಗ, ಸಕಲೇಶಪುರದಲ್ಲಿ ಪೋರ್ಕ್ ಅಂಗಡಿ, ಫೋನಿನಲ್ಲಿ ಯಾವನೋ ದಪ್ಪ ಮನುಷ್ಯ ಡ್ರಮ್ಮಿನಲ್ಲಿ ಮಾಂಸ ಬೇಯಿಸುವುದನ್ನು ಆರು ತಿಂಗಳು ನೋಡಿ, ಎಣ್ಣೆ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿಸಿ, ಮುಚ್ಚಳಕ್ಕೆ ಕೀಲು ಹಾಕಿಸಿ, ಮೇಲೊಂದು ಹೊಗೆಕೊಳವೆ, ಮುಂದೊಂದು ಗಡಿಯಾರದಂಥ ಥರ್ಮಾಮೀಟರು, ಪಪ್ಪಾ ಇದು ಸ್ಮೋಕರ್, ಹೊಗೆಡ್ರಮ್ ಅಂತ ಯಾರ ಹತ್ರಾನೂ ಹೇಳ್ಬೇಡಿ, ಕ್ರಿಸ್‌ಮಸ್‌ಗೆ ಆರ್ಡರ್ ತಗೊಂಡಾಗಿದೆ. ಭೂತಯ್ಯನ ಹೆಂಡತಿ ಚೌಡಮ್ಮ ಒಲೆಯ ಮೇಲೆ ಬಿದಿರಿನ ತಟ್ಟಿ ತೂಗುಹಾಕಿ, ಉಪ್ಪು ಅರಿಶಿನ ಸವರಿದ ಹಂದಿಮಾಂಸದ ಸೀಳುಗಳನ್ನು ಮಳೆಗಾಲ ಪೂರ್ತಿ ಹೊಗೆಗೆ ಬಿಡುತ್ತಿದ್ದಳು, ಥರ್ಮಾಮೀಟರು ಅವಳ ಮೂಗು, ಆ ಮಾಂಸವನ್ನು ಅನ್ನದ ಜೊತೆ ಕಚ್ಚಿದರೆ ಮೊದಲು ಹೊಗೆ, ಆಮೇಲೆ ಉಪ್ಪು, ಹಂದಿಯ ಸರದಿ ಬರುವಷ್ಟರಲ್ಲಿ ತುತ್ತೇ ಮುಗಿದಿರುತ್ತಿತ್ತು — ಜಾಕೋಬನ ತಾಯಿ ಮಂಗಳೂರಿನ ಕಡೆಯವಳು, ಹೊಗೆ ಹಿಡಿದದ್ದನ್ನು ತಿನ್ನೋದಾ, ಸೀದುಹೋಗಿದೆ ಅಂತ ಒಪ್ಪಿಕೊಳ್ಳೋಕೆ ನಾಚಿಕೆ ಇವರಿಗೆ, ಎಂದವಳು ಎರಡನೆಯ ಮಳೆಗಾಲಕ್ಕೆ ಚೌಡಮ್ಮನ ಮನೆ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಳು. ಡ್ರಮ್ಮಿಗೆ ಅಡಿಯಲ್ಲಿ ಬೆಂಕಿ ಬೇಕು, ಬೆಂಕಿಗೆ ಜಾಗ ಬೇಕು, ಜಾಗಕ್ಕೆ ಸ್ಟ್ಯಾಂಡ್ ಬೇಕು. ಅದನ್ನು ತಂದವಳು ಫ್ಲೋರಿನ್. ಜಾಕೋಬ ದುಡಿದಿದ್ದ ಕಾಫಿ ಎಸ್ಟೇಟಿನ ಹೊಸ ಯಜಮಾನರು ಹಳೆಯ ಪಲ್ಪರ್ ಮನೆ ಕೆಡವಿಸುತ್ತಿದ್ದಾರೆಂದು ತಿಳಿದು ತಗಡು ಕೇಳಲು ಹೋದವಳು, ಗುಜರಿಯವನ ಆಟೋದಿಂದಲೇ ಇಳಿಸಿಕೊಂಡು ಬಂದಳು, ಬಿಡಿಬಿಡಿಯಾಗಿ, ಬೋಲ್ಟುಗಳನ್ನು ಹರಕು ಗೋಣಿತುಂಡಿನಲ್ಲಿ ಗಂಟುಕಟ್ಟಿ, ನಿಮ್ಮ ಪಲ್ಪರಿನ ಸ್ಟ್ಯಾಂಡು ರೀ, ಹಳೇ ಕಾಲದ ಕಬ್ಬಿಣ, ಆನೆ ಕೂತ್ರೂ ಅಲ್ಲಾಡಲ್ಲ. ಈ ಕಡೆ ಯಾರೂ ಆನೆಯ ಹೆಸರನ್ನು ಹಾಗೆ ಸಲೀಸಾಗಿ ತೆಗೆಯುವುದಿಲ್ಲ, ಆದರೆ ಜಾಕೋಬ ಬೆಚ್ಚಿದ್ದು ಆನೆಗಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಈ ನಾಲ್ಕು ಕಾಲಿನ ಮೇಲೆ ಕೂತು ಗಡಗಡ ಎನ್ನುತ್ತಿತ್ತು, ಪಕ್ಕದಲ್ಲಿ ಡೀಸೆಲ್ ಎಂಜಿನ್ನು, ನಡುವೆ ತಿರುಗುವ ಬೆಲ್ಟು, ಬೆಲ್ಟಿನ ಪಕ್ಕ ಮೂವತ್ತು ವರ್ಷದ ಭೂತಯ್ಯ, ಹತ್ತೂ ಬೆರಳಿನ ಭೂತಯ್ಯ.

ಅಂಗಡಿ ಇಲ್ಲ, ಭಾನುವಾರ. ಬೋಲ್ಟಿನ ಡಬ್ಬ ತಂದು ಸುರಿದ — ಕಿಟಕಿಯ ಕೊಕ್ಕೆ, ಸೈಕಲ್ಲಿನ ನಟ್ಟು, ಜೋಯಲನ ಮಕ್ಕಳಗಾಡಿಯ ಚಕ್ರ, ಯಾವುದೋ ಬಾಗಿಲಿನ ಒಂಟಿ ಕೀಲು, ಎಲ್ಲವೂ ಸಣ್ಣವು, ತೂತಿಗೆ ಹಾಕಿದರೆ ಈ ಕಡೆಯಿಂದ ಹೋಗಿ ಆ ಕಡೆ ಬೀಳುತ್ತವೆ, ಬಾವಿಗೆ ಕಲ್ಲು ಹಾಕಿದ ಹಾಗೆ. ಭಾನುವಾರ. ಅವತ್ತೂ ಭಾನುವಾರವೇ, ತಪ್ಪಾದದ್ದೇ ಅಲ್ಲಿ, ಭಾನುವಾರ ಎಂಬುದು ಎಲ್ಲರಿಗೂ ಭಾನುವಾರ ಎಂದುಕೊಂಡದ್ದರಲ್ಲಿ. ಶನಿವಾರ ಸಂಜೆ, ಕ್ರಿಸ್‌ಮಸ್ಸಿಗೆ ಇನ್ನು ಎಂಟು ದಿನ, ನಾಲ್ಕು ವರ್ಷದ ಜೋಯಲ್ ಅಂಗಳದಲ್ಲಿ ಹೊರಳಾಡಿ ಅಳುತ್ತಿದ್ದಾನೆ, ಹೆತ್ತೂರಿನಲ್ಲಿ ಎಲ್ಲರ ಮನೆ ಮೇಲೂ ನಕ್ಷತ್ರ ಇದೆ ನಮ್ಮ ಮನೆಗೇ ಇಲ್ಲ, ಎಲ್ಲರ ಮನೆ ಎಂದರೆ ಮೂರು ಮನೆ. ಕಾಗದದ ನಕ್ಷತ್ರ ಸಿದ್ಧವಿದೆ, ಒಳಗೆ ಬಲ್ಬಿದೆ, ಎರಡು ಕಬ್ಬಿಣದ ಕೊಳವೆ ಜೋಡಿಸಿ ಗಳ ಎತ್ತರಿಸಬೇಕು, ಜೋಡಿಸಲು ಒಂದು ದಪ್ಪ ಬೋಲ್ಟ್ ಬೇಕು. ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಅವನು, ಸ್ಟೋರಿನ ಬೀಗದ ಕೈ ಅವನ ಸೊಂಟದಲ್ಲಿ, ಸ್ಟೋರಿನಲ್ಲಿ ಬೋಲ್ಟ್ ಇರಲಿಲ್ಲ, ಪಲ್ಪರ್ ಮನೆಯಲ್ಲಿ ಇತ್ತು, ಎಂಟು ಇದ್ದವು, ನಾಳೆ ಭಾನುವಾರ ಪಲ್ಪರ್ ಓಡುವುದಿಲ್ಲ, ಸೋಮವಾರ ಬೆಳಿಗ್ಗೆ ಸಕಲೇಶಪುರದಿಂದ ಹೊಸದು ತರಿಸಿ ಹಾಕಿದರಾಯಿತು, ಏಳು ಹಿಡಿದುಕೊಂಡಿರುತ್ತವೆ ಒಂದು ದಿನ, ಏಳು ಎಂಬುದು ಒಳ್ಳೆಯ ಸಂಖ್ಯೆ. ನಕ್ಷತ್ರ ಏರಿತು. ಜೋಯಲ್ ಚಪ್ಪಾಳೆ ತಟ್ಟಿ ಅಲ್ಲೇ ನಿದ್ದೆ ಹೋದ. ಮೇಲಿನ ತೋಟದಿಂದ ಎರಡು ಟ್ರ್ಯಾಕ್ಟರ್ ಹಣ್ಣು ಹೊತ್ತು ಮೀರಿ ಬಂದದ್ದು ರೈಟರಿಗೆ ಗೊತ್ತಿಲ್ಲ, ಕೊಯ್ದ ಹಣ್ಣು ಕ್ಯಾಲೆಂಡರ್ ನೋಡುವುದಿಲ್ಲ, ಬಿಟ್ಟರೆ ಹುಳಿಯುತ್ತದೆ, ಭಾನುವಾರ ಬೆಳಿಗ್ಗೆ ಎಂಜಿನ್ ಶುರುಮಾಡು ಎಂದು ಯಜಮಾನರು ಭೂತಯ್ಯನಿಗೆ ನೇರವಾಗಿ ಹೇಳಿಕಳಿಸಿದರು, ಪೂಜೆಗೆ ಹೋಗುವ ರೈಟರಿಗೆ ಯಾಕೆ ತೊಂದರೆ ಎಂಬ ಸೌಜನ್ಯದಿಂದ. ಇಗರ್ಜಿಯ ಬಾಗಿಲಿಗೆ ಜೀಪು ಬಂದು ನಿಂತಾಗ ಜಾಕೋಬ ಕೋರಸ್ಸಿನ ಎರಡನೆಯ ಸಾಲಿನಲ್ಲಿದ್ದ, ಬಿಳಿ ಅಂಗಿ, ಬಾಯಿ ತೆರೆದೇ ಇತ್ತು. ಅದೇ ಜೀಪಿನಲ್ಲಿ ಹಾಸನದ ಆಸ್ಪತ್ರೆಗೆ, ಬೆಲ್ಟಿಗೆ ಸಿಕ್ಕ ಭೂತಯ್ಯನ ಕೈ, ಟವೆಲ್ಲು ಸುತ್ತಿದ್ದು, ಜಾಕೋಬನ ಮಡಿಲಲ್ಲಿ, ಆಲೂರಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು, ಗೂಡ್ಸ್ ಗಾಡಿ, ಬೋಗಿಯ ಹಿಂದೆ ಬೋಗಿ, ಮುಗಿಯದು, ಭೂತಯ್ಯ ಹಲ್ಲು ಕಚ್ಚಿಕೊಂಡು ಬೋಗಿ ಎಣಿಸಿದ, ಮೂವತ್ತೆಂಟು ರೈಟ್ರೇ, ಎಂದ. ಉಂಗುರಬೆರಳು ಬುಡದಿಂದ ಹೋಯಿತು. ಕಿರುಬೆರಳು ಅರ್ಧ ಉಳಿಯಿತು.

ಮತ್ತೆ ಆ ಅಪಘಾತದ ವರದಿ, ಜಾಕೋಬನ ಅಕ್ಷರ ಮುತ್ತಿನಂತೆ ಎಂದು ಸುತ್ತಲಿನ ನಾಲ್ಕು ಎಸ್ಟೇಟಿನಲ್ಲಿ ಹೆಸರು, ಆ ಮುತ್ತಿನಲ್ಲೇ ಬರೆದ, ಕೆಲಸಗಾರನ ಅಜಾಗರೂಕತೆಯಿಂದ ಸಂಭವಿಸಿದ್ದು, ಸ್ಟ್ಯಾಂಡ್ ಸರಿದದ್ದನ್ನೂ ಬರೆದ, ಯಾಕೆ ಸರಿಯಿತು ಎಂಬಲ್ಲಿಗೆ ಬರುವಾಗ ಹಾಳೆ ಮುಗಿದಿತ್ತು, ಹೊಸ ಹಾಳೆ ತೆಗೆಯಲಿಲ್ಲ, ಯಜಮಾನರು ಪಲ್ಪರನ್ನು ಸಿಮೆಂಟು ಕಟ್ಟೆಗೆ ಏರಿಸಿದರು, ಏಳು ಬೋಲ್ಟಿನ ಸ್ಟ್ಯಾಂಡ್ ಹಾಗೇ ಮೂಲೆ ಸೇರಿತು. ಪಾಪನಿವೇದನೆಯಲ್ಲಿ ಹೇಳಿದ್ದಾನೆ, ಹೇಳಿಲ್ಲವೆಂದಲ್ಲ, ಸುಳ್ಳು ಹೇಳಿದ್ದೇನೆ ಫಾದರ್ ಎಂದು, ಉಳಿದ ಸಣ್ಣಪುಟ್ಟ ಸುಳ್ಳುಗಳ ನಡುವೆ ಇದನ್ನೂ ಸೇರಿಸಿ, ತರಕಾರಿಯ ಮಧ್ಯೆ ಕೊಳೆತ ಬದನೆಕಾಯಿ ದಾಟಿಸುವಂತೆ, ಎಷ್ಟು ಸಲ? ಒಂದೇ ಸಲ ಫಾದರ್. ಮೂರು ಜಪದಲ್ಲಿ ಮುಗಿಯಿತು. ಒಂದೇ ಸಲ ನಿಜ, ಆದರೆ ಅದು ಇನ್ನೂ ನಿಂತಿಲ್ಲ, ಮೂವತ್ತೊಂದು ವರ್ಷದಿಂದ ಪ್ರತಿ ಡಿಸೆಂಬರಿನಲ್ಲಿ ಆ ಗಳ ಏರುತ್ತದೆ, ಪ್ರತಿ ಡಿಸೆಂಬರಿನಲ್ಲಿ ಏಣಿ ಹಿಡಿಯಲು ಭೂತಯ್ಯನೇ ಬರುತ್ತಾನೆ, ಕರೆಯದೆ, ಮೂರೂವರೆ ಬೆರಳಿನ ಕೈಯಲ್ಲಿ ಏಣಿ ಹಿಡಿದು ಮೇಲಕ್ಕೆ ನೋಡುತ್ತ, ಹತ್ತಿ ರೈಟ್ರೇ, ನಾನಿದೀನಿ. ಬಿಡಿಸಿ ಬೇರೆ ಬೋಲ್ಟ್ ಹಾಕಬಹುದಿತ್ತು. ಎಷ್ಟೋ ಸಲ ಕೈ ಹೋಗಿತ್ತು. ಬದಲಾಗಿ ಗಳಕ್ಕೆ ಬೆಳ್ಳಿ ಪೇಂಟು ಹೊಡೆಯುವಾಗ ಬೋಲ್ಟಿನ ತಲೆಗೂ ಹೊಡೆದ, ವರ್ಷಕ್ಕೊಂದು ಕೋಟು, ಮೂವತ್ತೊಂದು ಕೋಟು ಪೇಂಟಿನ ಕೆಳಗೆ ಬೋಲ್ಟು ಈಗ ಬೋಲ್ಟಿನಂತೆಯೇ ಇಲ್ಲ, ಊದಿಕೊಂಡ ಗುಬುಟು. ಗಳ ಅಲ್ಲೇ ಇದೆ, ಸೌದೆಕೊಟ್ಟಿಗೆಯ ಗೋಡೆಗೆ ಒರಗಿಕೊಂಡು, ಈ ವಾರ ಏರಬೇಕು.

ಎದ್ದ. ಮಂಡಿಯಲ್ಲಿ ಮಣ್ಣು, ಬಿಳಿ ಅಂಗಿಯ ತೋಳಿನಲ್ಲಿ ತುಕ್ಕು, ಫ್ಲೋರಿನ್ ನೋಡಿದರೆ ಕೊಂಕಣಿಯಲ್ಲೇ ಬೈಯುತ್ತಾಳೆ. ಏನೂ ದೊಡ್ಡದಲ್ಲ, ಎಲ್ಲಿಂದ ತೆಗೆದದ್ದೋ ಅಲ್ಲಿಗೇ ಹಾಕುವುದು, ತೂತು ತುಂಬಿದರೆ ಭೂತಯ್ಯ ಬಂದು ನೋಡುತ್ತಾನೆ, ಓ ನಮ್ ಪಲ್ಪರ್ ಸ್ಟ್ಯಾಂಡು, ಎನ್ನುತ್ತಾನೆ, ಎಂಟೂ ಗಟ್ಟಿ, ಡ್ರಮ್ಮು ಎತ್ತಿ ಕೂರಿಸುತ್ತಾರೆ, ಜೋಯಲ್ ಗುರುವಾರದಿಂದ ಉಪ್ಪಿನಲ್ಲಿಟ್ಟ ಮಾಂಸ ತರುತ್ತಾನೆ, ಹೊಗೆ ಏಳುತ್ತದೆ, ಹೊಗೆಯ ಕೆಳಗೆ ಕಬ್ಬಿಣವೆಲ್ಲ ಒಂದೇ ಕಪ್ಪು — ಯಾರಿಗೆ ಗೊತ್ತಾಗಬೇಕು? ಪಾನಾ ಹಾಕಿ ತಿರುಗಿಸಿದರೆ ಬೋಲ್ಟ್ ಅಲ್ಲಾಡಲಿಲ್ಲ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ, ತೆಂಗಿನೆಣ್ಣೆ ಬಿಟ್ಟ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ, ಪೇಂಟು ಪದರಪದರವಾಗಿ ಎದ್ದಿತು, ಒಳಗಿನ ಪದರ ಜೋಯಲ್ ಐದನೇ ಕ್ಲಾಸಿನಲ್ಲಿದ್ದಾಗಿನದೋ, ಅದರೊಳಗಿನದು ಇನ್ನೂ ಹಿಂದಿನದೋ. ರೀ, ಅದೇನ್ರೀ ನಕ್ಷತ್ರದ ಗಳಕ್ಕೆ ಹೊಡೀತಾ ಇದೀರಿ? ಸಡಿಲ ಆಗಿತ್ತು. ಸಡಿಲ ಆಗಿದ್ರೆ ಗಟ್ಟಿ ಮಾಡಿ, ಬಿಚ್ತಾ ಇದೀರಲ್ಲ! ಕಿಟಕಿ ಉತ್ತರಕ್ಕೆ ಕಾಯಲಿಲ್ಲ, ಕುಕ್ಕರ್ ಕೂಗಿತು. ಕೀಚ್ — ನಟ್ಟು ಒಂದು ಸುತ್ತು ಕೊಟ್ಟಿತು, ಇನ್ನೊಂದು, ಆಮೇಲೆ ಬೆರಳಿಗೇ ಬಂತು, ಬೋಲ್ಟ್ ಅಂಗೈಯಲ್ಲಿ ಬಿತ್ತು, ಬಿಸಿಲಿಗೆ ಬಿಸಿಯಾಗಿ. ಮೈ ಪೂರ್ತಿ ತುಕ್ಕು, ತಲೆ ಮಾತ್ರ ಬೆಳ್ಳಿ. ಪೇಂಟು ಕೆರೆಯಬೇಕು, ಕಲ್ಲಿಗೆ ಉಜ್ಜಿದರೆ ಎರಡು ನಿಮಿಷ, ಕಲ್ಲಿನ ಕಡೆ ತಿರುಗಿದ — ಕೆಮ್ಮು ಕೇಳಿತು, ಬೀಡಿಯ ಕೆಮ್ಮು, ಗೇಟಿನ ಹತ್ತಿರ.

ಬೋಲ್ಟ್ ಪ್ಯಾಂಟಿನ ಜೇಬಿಗೆ ಹೋಯಿತು, ಅಷ್ಟು ಚುರುಕಾಗಿ ಅವನ ಕೈ ಆ ಬೆಳಿಗ್ಗೆ ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಏನ್ ರೈಟ್ರೇ, ಬಿಳೀ ಅಂಗೀಲಿ ಫಿಟ್ಟರ್ ಕೆಲ್ಸ, ಫಾದರ್ರೇನಾದ್ರೂ ಬಂದು ಆಶೀರ್ವಾದ ಮಾಡ್ತಾರಾ? ಬಾರೋ ಭೂತಯ್ಯ. ಮಂಕಿ ಟೋಪಿ, ಮಡಿಚಿ ಕಟ್ಟಿದ ಪಂಚೆ, ಹೆಗಲ ಮೇಲೆ ಚೌಡಮ್ಮ ಕಳಿಸಿದ ಸೀಬೆಕಡ್ಡಿಯ ಕಟ್ಟು, ಹೊಗೆಗೆ ಸೀಬೆಯೇ ಆಗಬೇಕಂತೆ, ಡ್ರಮ್ಮಿಗೂ ಅದೇ ಕಾನೂನಂತೆ. ಕಟ್ಟು ಇಳಿಸಿದ, ಡ್ರಮ್ಮಿಗೆ ಒಂದು ಸುತ್ತು ಬಂದ, ಥರ್ಮಾಮೀಟರನ್ನು ಉಗುರಿನಿಂದ ಕುಟ್ಟಿದ, ಟೈಮು ಸರೀಗಿಲ್ವಲ್ಲ ಇದು, ಎಂದ, ತಾನೇ ನಕ್ಕ, ಆಮೇಲೆ ಸ್ಟ್ಯಾಂಡ್ ಕಂಡಿತು. ನಗು ನಿಲ್ಲಲಿಲ್ಲ, ಮೆಲ್ಲಗಾಯಿತು ಅಷ್ಟೆ, ಎಂಜಿನ್ನಿನ ಡೀಸೆಲ್ ನಿಲ್ಲಿಸಿದಾಗ ಆಗುವ ಹಾಗೆ. ಇವಳು ಇಲ್ಲಿಗೆ ಬಂದವ್ಳಾ, ಎಂದ. ಕುಕ್ಕುರುಗಾಲಲ್ಲಿ ಕೂತು ಸ್ಟ್ಯಾಂಡಿನ ಒಂದೊಂದೇ ಕಾಲು ಸವರಿಕೊಂಡು ಬಂದ, ಒಂದನೆಯ ಕಾಲು, ಎರಡು, ಮೂರು — ಜಾಕೋಬ ಹವಾಮಾನದ ಬಗ್ಗೆ ಏನೋ ಹೇಳಿದ, ಈ ವರ್ಷ ಚಳಿ ಕಮ್ಮಿ ಎಂದೋ ಜಾಸ್ತಿ ಎಂದೋ — ನಾಲ್ಕನೆಯ ಕಾಲಿನ ಕೆಳತುದಿಯಲ್ಲಿ ಕೈ ನಿಂತಿತು. ತೂತಿನೊಳಗೆ ಮತ್ತೆ ಕೋಳಿ ಬಂದಿತ್ತು. ಈಗ ಕೇಳುತ್ತಾನೆ, ಈಗ. ಇದು ಅವತ್ತೂ ಖಾಲಿ ಇತ್ತು ಕಣ್ರೀ, ಎಂದ ಭೂತಯ್ಯ.

ಗೊತ್ತಿತ್ತು ಅವನಿಗೆ, ಮೂವತ್ತೊಂದು ವರ್ಷ ಗೊತ್ತಿತ್ತು, ಏಣಿ ಹಿಡಿದು ಮೇಲೆ ನೋಡುತ್ತ ನಿಲ್ಲುತ್ತಿದ್ದಾಗ ನೋಡುತ್ತಿದ್ದದ್ದು ನಕ್ಷತ್ರವನ್ನಲ್ಲ, ಅಯ್ಯೋ — ಆದರೆ ಭೂತಯ್ಯನ ಮುಖ ಹಾಗಿಲ್ಲ, ಭೂತಯ್ಯ ತಲೆ ಕೆರೆಯುತ್ತಿದ್ದಾನೆ, ಬೆಲ್ಲ ಕದ್ದು ಸಿಕ್ಕಿಬಿದ್ದ ಮುಖ. ನಿಮ್ಗೊಂದ್ ಮಾತು ಹೇಳಿಲ್ಲ ರೈಟ್ರೇ, ಈಗ ಇಬ್ರೂ ಗೋರಿಗೆ ಹತ್ರ ಆದ್ವಿ, ಹೇಳ್ಬುಡ್ತೀನಿ. ಅವತ್ತು ಬೆಳಿಗ್ಗೆ ನೋಡ್ತೀನಿ, ಬೋಲ್ಟ್ ಇಲ್ಲ, ಗಡಗಡಕ್ಕೆ ಎಲ್ಲೋ ಉದುರೋಗೈತೆ ಅಂದ್ಕೊಂಡೆ, ಹಣ್ಣು ರಾಶಿ ಬಿದ್ದೈತೆ, ಸ್ಟೋರಿನ ಬೀಗ ನಿಮ್ಮತ್ರ, ನೀವು ಇಗರ್ಜೀಲಿ, ಒಂದು ಕಾಫಿ ಗಿಡದ ಗೂಟ ಕೆತ್ತಿ ಹೊಡ್ದುಬುಟ್ಟೆ. ಮಧ್ಯಾಹ್ನದಗಂಟ ತಡೀತದೆ ಅಂತ. ತಡೀಲಿಲ್ಲ, ಮುರ್ಕೊಂಡೋಯ್ತು. ಜೀಪು ಬರೋ ಮುಂಚೆ ಚೌಡಿಗೆ ಹೇಳ್ದೆ, ಆ ಗೂಟದ ಚೂರು ಎತ್ತಿ ಒಲೆಗಾಕು ಮೊದ್ಲು, ರೈಟ್ರು ನೋಡುದ್ರೆ ಕೆಲ್ಸದಿಂದ ತೆಗೀತಾರೆ. ಒಲೆಗಾಕುದ್ಲು. ಆಮೇಲೆ ನೀವು ಅಜಾಗರೂಕತೆ ಅಂತ ಬರ್ದ್ರಿ ಅಂತ ಜನ ಅಂದ್ರು, ನಂಗೆ ಬೇಜಾರಿಲ್ಲ ಕಣ್ರೀ, ದಿಟಾನೇ ಬರ್ದಿದ್ರಿ, ಗೂಟದ್ ವಿಷ್ಯ ಗೊತ್ತಿಲ್ದೇನೇ ದಿಟ ಬರ್ದ್ಬುಟ್ಟಿದ್ರಿ, ಅದ್ಕೇ ನಿಮ್ ಮುಖ ನೋಡೋಕೆ ನಂಗೆ ಒಂದ್ ವರ್ಷ ನಾಚ್ಕೆ. ಜಾಕೋಬನ ಕೈ ಜೇಬಿನಲ್ಲಿದೆ. ಬೋಲ್ಟಿನ ಎಳೆಗಳು ಬೆರಳಿಗೆ ಒತ್ತುತ್ತಿವೆ, ಒಂದೊಂದಾಗಿ ಎಣಿಸಬಹುದು. ಇವನೂ ಹೊತ್ತಿದ್ದ, ಅದೇ ತೂತನ್ನು, ಆ ಕಡೆಯಿಂದ, ನಾನು ಹೊರಬೇಕಾದದ್ದನ್ನೂ ಸೇರಿಸಿ ಹೊತ್ತುಕೊಂಡು ಏರು ಹತ್ತಿ ಬಂದು ವರ್ಷವರ್ಷ ಏಣಿ ಹಿಡಿದ, ನಾಚಿಕೆಗೆ ಹಿಡಿದನೋ, ಉಪಕಾರ ಎಂದು ಹಿಡಿದನೋ. ಈಗ ಸುಮ್ಮನಿದ್ದರೆ ಸಾಕು. ಹೋಗ್ಲಿ ಬಿಡೋ, ಹಳೇದು, ಎಂದರೆ ಸಾಕು, ಅವನು ಕ್ಷಮೆ ಸಿಕ್ಕಿತೆಂದು ಹಗುರಾಗಿ ಮನೆಗೆ ಹೋಗುತ್ತಾನೆ, ಎಂಥ ಸುಲಭ, ದೇವರು ಕೂಡ ಇಷ್ಟು ಸುಲಭದ ದಾರಿ ತೋರಿಸಿದ್ದನ್ನು ಜಾಕೋಬ ಕೇಳಿಲ್ಲ.

ನೋಡ್ತಾ ನಿಂತ್ರೆ ಆಗಲ್ಲ ಮಾರಾಯ್ರೇ, ಡ್ರಮ್ಮು ಏರುಸ್ಬೇಕು, ಆ ಕಡೆ ಸ್ವಲ್ಪ ಎತ್ತಿ ಹಿಡೀರಿ, ತೂತು ಎರಡೂ ಪೂರ್ತಿ ನೇರಕ್ಕಿಲ್ಲ. ಎತ್ತಿದ, ಎಡಗೈ, ಎಡಹೆಗಲು ಕೊಟ್ಟು, ಹಳೇ ಕಾಲದ ಕಬ್ಬಿಣ, ಎಲುಬಿಗೆ ತಾಗುತ್ತದೆ. ಇನ್ನೊಂಚೂರು. ಹಾಂ, ಅಲ್ಲೇ. ಅಡ್ಡಪಟ್ಟಿಯ ತೂತು ಕಾಲಿನ ತೂತಿನ ಮೇಲೆ ಬಂದಿತು, ಸರಿಯಿತು, ಬಂದಿತು, ಸರಿಯದಂತೆ ಭೂತಯ್ಯ ತನ್ನ ಅರ್ಧ ಕಿರುಬೆರಳನ್ನು ಒಳಕ್ಕೆ ತೂರಿಸಿದ. ಬೆರಳು ಹಾಕ್ಬೇಡ್ವೋ! ಪಲ್ಪರ್ ಮನೆಯ ಗೋಡೆಯ ಮೇಲೆ ಮುತ್ತಿನ ಅಕ್ಷರದಲ್ಲಿ ತಾನೇ ಬರೆದಿದ್ದ, ತೂತಿಗೆ ಬೆರಳು ಹಾಕಬಾರದು, ಸರಳು ಬಳಸಿ, ಬರೆದದ್ದು ಭೂತಯ್ಯನ ಬೆರಳು ಹೋದ ಮೇಲಿನ ವಾರ. ಈ ಬೆರಳಿಗೆ ಇನ್ನೇನಾಗ್ತದೆ ರೈಟ್ರೇ, ಹೋಗೋದು ಹೋಗೈತೆ, ಅಳತೆಗೆ ಅಂತಾನೇ ಮಾಡ್ದಂಗೈತೆ ನೋಡಿ, ಅಲ್ಲಾಡ್ಬೇಡಿ, ಬೋಲ್ಟ್ ಕೊಡಿ. ಬೋಲ್ಟ್ ಎಲ್ಲಿ? ಕೋಳಿ ಇಲ್ಲ, ಬಿಸಿಲು ಇಲ್ಲ, ತೂತಿನಲ್ಲಿ ಬೆರಳು, ತುದಿಯಲ್ಲಿ ಉಗುರಿಲ್ಲದ ಬೆರಳು, ಹೆಗಲು ಜಾರಿದರೆ — ಜಾರುವುದಿಲ್ಲ, ಜಾರಬಾರದು, ಬಲಗೈ ಜೇಬಿನಿಂದ ಬಂತು, ತಾನಾಗಿ ಬಂತೋ, ಅವನೇ ತಂದನೋ, ಕೆರೆಯಲು ಎರಡು ನಿಮಿಷ ಸಿಕ್ಕಿದ್ದರೆ ತರುತ್ತಿದ್ದನೋ, ಅಂಗೈ ತೆರೆಯಿತು, ಬಿಸಿಲಿಗೆ ಬೋಲ್ಟಿನ ತಲೆ ಫಳ್ಳೆಂದಿತು, ಬೆಳ್ಳಿ. ಭೂತಯ್ಯನ ಎಡಗೈ ಅದನ್ನು ತೆಗೆದುಕೊಳ್ಳಲು ಬಂದದ್ದು ಅರ್ಧದಲ್ಲಿ ನಿಂತಿತು. ಕಣ್ಣು ಬೋಲ್ಟಿನ ಮೇಲೆ, ಆಮೇಲೆ ಸೌದೆಕೊಟ್ಟಿಗೆಯ ಗೋಡೆಯ ಕಡೆ, ಅಲ್ಲಿ ಗಳ ಎರಡು ತುಂಡಾಗಿ ಒರಗಿದೆ, ಆಮೇಲೆ ಮತ್ತೆ ಬೋಲ್ಟಿನ ಮೇಲೆ. ಇದು ನಕ್ಷತ್ರದ್ದಲ್ವಾ. ಶನಿವಾರ ಸಂಜೆ ತೆಗೆದೆ ಭೂತಯ್ಯ, ನಾನೇ, ಮಗು ಅಳ್ತಾ ಇತ್ತು, ಭಾನುವಾರ ಓಡಲ್ಲ ಅಂದ್ಕೊಂಡೆ — ಹೇಳಿದ್ದು ತಾನೇ, ಕಿವಿಗೆ ಕೇಳಿಸಿತು, ಗೂಡ್ಸ್ ಗಾಡಿಯ ಹಾಗೆ ಮಾತಿನ ಹಿಂದೆ ಮಾತು ಬಂದು ನಿಂತುಹೋಯಿತು. ಒಳಗೆ ಫ್ಲೋರಿನ್, ಆಯ್ತಾ ರೀ? ಭಾರ ಪೂರ್ತಿ ಜಾಕೋಬನ ಹೆಗಲ ಮೇಲಿದೆ, ತೆಗೆಯೋ, ಬೆರಳು ತೆಗೆಯೋ ಮೊದಲು, ಅವನು ತೆಗೆಯುತ್ತಿಲ್ಲ, ಬೋಲ್ಟನ್ನೂ ತೆಗೆದುಕೊಳ್ಳುತ್ತಿಲ್ಲ, ಜಾಕೋಬನ ಮುಖವನ್ನೇ ನೋಡುತ್ತಿದ್ದಾನೆ, ಆಲೂರಿನ ಗೇಟಿನಲ್ಲಿ ಬೋಗಿ ನೋಡಿದಂತೆ, ಒಂದೊಂದನ್ನೇ, ತೂತಿನಲ್ಲಿ ಬೆರಳು, ಅರ್ಧ ಬೆರಳು, ತುಕ್ಕಿನ ಉಂಗುರದ ನಡುವೆ.